ಒಟಿಪಿ ಯಾರ ಫೋನಿಗೆ ಬರುತ್ತೆ?

ಮದ್ದೂರು ಕಡೆಯ ಸೋದರಿಯೊಬ್ಬರ ಪತ್ರ. ಗಾರ್ಮೆಂಟ್ಸ್‌ನಲ್ಲಿ 9 ವರ್ಷದಿಂದ ಟೈಲರ್, ಈಗ ಕಂಪನಿಯವರು ಸೂಪರ್‌ವೈಸರ್ ಮಾಡ್ತೀವಿ ಅಂದಿದ್ದಾರೆ. ಸಂಬಳ 13,500ರಿಂದ 17,000ಕ್ಕೆ ಏರುತ್ತೆ. ಆಟೊ ಓಡಿಸುವ ಗಂಡನಿಗೆ ಇಷ್ಟವಿಲ್ಲ, ಅತ್ತೆ ಮಾತು ಬಿಟ್ಟಿದ್ದಾರೆ. "ಮನೆ ನೆಮ್ಮದಿಗೋಸ್ಕರ ಬೇಡ ಅಂದುಬಿಡಲೇ?"

ಅನ್ನಬೇಡಿ. ಮಷೀನ್ ಮುಂದೆಲ್ಲ ಹೆಂಗಸರು, ಲೈನಿನಲ್ಲಿ ನಿಂತು ಟಾರ್ಗೆಟ್ ಅಂತ ಗದರುವವನು ಗಂಡಸು. ಈ ಏರ್ಪಾಡು ಸಾಕಷ್ಟು ಕಾಲ ನಡೆದಿದೆ.

ನನಗೆ ಚುಚ್ಚಿದ್ದು ಪತ್ರದ ಕೊನೇ ಪುಟದ ಒಂದು ಸಾಲು: "ಎಟಿಎಂ ಕಾರ್ಡು, ಪಾಸ್‌ಬುಕ್ಕು ಅವರ ಹತ್ರಾನೇ ಇರುತ್ತೆ, ಅದೇನೂ ತೊಂದರೆಯಿಲ್ಲ." ಖಾತೆ ತೆರೆದಾಗ ನಿಮಗೆ ಫೋನ್ ಇರಲಿಲ್ಲವೆಂದು ಗಂಡನ ನಂಬರ್ ಕೊಟ್ಟಿರಂತೆ. ಅಂದರೆ 9 ವರ್ಷದ ಸಂಬಳದ ಮೆಸೇಜೆಲ್ಲ ಅವರ ಜೇಬಿಗೇ ಬಂದಿದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ಹೊಸ ನಿರ್ಬಂಧ ಬಂತೆಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದು ಆ ಆದೇಶ ವಾಪಸ್ ತೆಗೆಸಿದರು. ನಿಮ್ಮ ಪಿಎಫ್‌ನಲ್ಲಿ ಎಷ್ಟಿದೆ, ಹೇಳಿ ನೋಡೋಣ?

ಗಂಡನನ್ನು ನಾನು ಬೈಯಲ್ಲ. ನಿಮಗೆ ಆರೂವರೆ ಬಸ್ ತಪ್ಪಬಾರದೆಂದು ಎದ್ದು ಮುದ್ದೆ ತಿರುವುತ್ತಾರೆ; ಅವರಪ್ಪ ಒಲೆ ಹತ್ತಿರ ಸುಳಿದಿರಲಾರರು. ಸಿಟ್ಟು ನಿಮ್ಮ ಅಣ್ಣನ ಮೇಲೆ. "ಸಂಬಳ ಏರಿದ್ರೆ ಇಎಸ್‌ಐ ಹೋಗುತ್ತೆ" ಅಂತ ತಿಳಿಯದೆ ಹೆದರಿಸಿದ್ದಾರೆ. ಇಎಸ್‌ಐ ಅಂದರೆ ಕಾರ್ಮಿಕರ ಚಿಕಿತ್ಸೆಯ ವಿಮೆ; ಅದಕ್ಕೆ ಸಂಬಳದ ಮಿತಿ ತಿಂಗಳಿಗೆ 21,000. ನಿಮ್ಮ ಪಾಲಿನ ಕಡಿತ ಶೇ 0.75, ಈಗಿನ 102 ರೂಪಾಯಿ 128 ಆಗುತ್ತೆ, ಅಷ್ಟೇ. ತವರಿನವರು ತಂಗಿಯ ಪರ ನಿಲ್ಲದಿದ್ದರೂ ಪರವಾಗಿಲ್ಲ, ಲೆಕ್ಕ ಸರಿಯಾಗಿ ಹೇಳಲಿ.

ನೀವು ಮಾಡಬೇಕಾದ್ದು ಒಂದೇ: ನಂಬರ್ ಬದಲಿಸಿ. ಕಾರ್ಡಿಗಾಗಿ ಜಗಳ ತೆಗೆಯಬೇಡಿ. ನಿಮ್ಮ ಹೆಸರಿನಲ್ಲಿ ಸಿಮ್ ಇರಲಿ. ಮೊದಲು ಆಧಾರ್ ಕೇಂದ್ರದಲ್ಲಿ ಆ ನಂಬರ್ ಸೇರಿಸಿ. ಬೆರಳಚ್ಚು ಕೊಡಬೇಕು, ನೀವೇ ಹೋಗಬೇಕು. ಅದು ಸೇರಿತೆಂಬ ಮೆಸೇಜ್ ಬಂದಮೇಲೆ ಆಧಾರ್ ಹಿಡಿದು ನಿಮ್ಮ ಬ್ರಾಂಚಿಗೆ ಹೋಗಿ ನಂಬರ್ ಬದಲಾವಣೆಯ ಅರ್ಜಿ ಕೊಡಿ. ಪಾಸ್‌ಬುಕ್ ಕೈಯಲ್ಲಿಲ್ಲದಿದ್ದರೆ ಖಾತೆ ನಂಬರನ್ನು ಕಂಪನಿಯ ಎಚ್‌ಆರ್ ಹತ್ತಿರ ಬರೆಸಿಕೊಳ್ಳಿ. ಹಳೇ ನಂಬರಿನ ಯುಪಿಐ ರದ್ದಾಯಿತೇ ಅಂತ ಅಲ್ಲೇ ಕೇಳಿ. ಹೊಸ ಕಾರ್ಡಿನ ಅರ್ಜಿ ಕೊನೆಗೆ. ಮೊದಲೇ ಹಾಕಿದರೆ ಒಟಿಪಿ ಮತ್ತೆ ಹಳೇ ಫೋನಿಗೇ ಹೋಗುತ್ತೆ. ಪಿಎಫ್‌ನ ಯುಎಎನ್ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಖಾತೆಯಲ್ಲೂ ಫೋನ್ ನಂಬರ್ ಬದಲಿಸಿ. ಅದಕ್ಕೆ ಆಧಾರ್ ಒಟಿಪಿ ಬೇಕಾಗುತ್ತೆ, ಆಧಾರ್ ಮೊದಲು ಅಂದದ್ದು ಅದಕ್ಕೇ.

ಗಂಡನಿಗೆ ಮುಚ್ಚಿಡಬೇಡಿ. ಹೇಳಿಯೇ ಹೋಗಿ, ಅನುಮತಿ ಮಾತ್ರ ಕೇಳಬೇಡಿ. ಮನೆ ಖರ್ಚಿಗೆ ಇಷ್ಟು ಅಂತ ಸಂಬಳದ ದಿನ ನೀವೇ ಎಣಿಸಿ ಕೊಡಿ. ಸೂಪರ್‌ವೈಸರ್ ಪತ್ರಕ್ಕೆ ಸಹಿ ಹಾಕಿದ ದಿನವೇ ಬ್ಯಾಂಕಿಗೆ ಅರ್ಧ ದಿನ ರಜೆ ಬರೆಸಿ.