ಅಡ್ವಾನ್ಸ್ ಹಣ ಕೇಳುವ ಪತ್ರವನ್ನು ‘ತಮ್ಮ ವಿಧೇಯ’ ಎಂದು ಮುಗಿಸಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ಬಾಡಿಗೆಗಿದ್ದ ಮನೆಯನ್ನು ಖಾಲಿ ಮಾಡಿ ನಾಲ್ಕು ತಿಂಗಳಾದರೂ ಮಾಲೀಕರು ಅಡ್ವಾನ್ಸ್ ಹಣ 80,000 ರೂಪಾಯಿಯನ್ನು ಹಿಂದಿರುಗಿಸಿಲ್ಲ. ಬಾಡಿಗೆ ಕರಾರು ನನ್ನ ಪತ್ನಿಯ ಹೆಸರಿನಲ್ಲಿದೆ. ನಾನು ಬರೆದ ಪತ್ರವನ್ನು ‘ಆದಷ್ಟು ಬೇಗ ಹಣ ಕೊಡಬೇಕಾಗಿ ಕೋರುತ್ತೇನೆ, ಇಂತಿ ತಮ್ಮ ವಿಧೇಯ’ ಎಂದು ಮುಗಿಸಿದ್ದೇನೆ. ‘ಕೋರ್ಟಿಗೆ ಎಳೆಯುತ್ತೇನೆ’ ಎಂದು ಸೇರಿಸುವಂತೆ ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ‘ವಿಧೇಯ’ ಎಂಬ ಪದ ರಜಾ ಅರ್ಜಿಗೆ, ಮೇಲಧಿಕಾರಿಗೆ ಬರೆಯುವ ಮನವಿಗೆ ಒಪ್ಪುತ್ತದೆ. ಕರಾರಿಗೆ ಸಹಿ ಹಾಕಿದ ಇಬ್ಬರೂ ಸಮಾನರಾದ್ದರಿಂದ ಇಲ್ಲಿ ‘ವಂದನೆಗಳೊಂದಿಗೆ, ತಮ್ಮ ವಿಶ್ವಾಸಿ’ ಎಂದರೆ ಸಾಕು. ಮರ್ಯಾದೆಯೂ ಉಳಿಯುತ್ತದೆ, ಹಕ್ಕಿನ ಮಾತೂ ಸಡಿಲವಾಗುವುದಿಲ್ಲ.

ಆದರೆ ನಿಮ್ಮ ಪತ್ರದ ದೊಡ್ಡ ಕೊರತೆ ಅದಕ್ಕಿಂತ ಮೇಲಿನ ಸಾಲಿನಲ್ಲಿದೆ. ‘ಆದಷ್ಟು ಬೇಗ’ ಎಂಬುದಕ್ಕೆ ಗಡುವಿನ ಬೆಲೆಯಿಲ್ಲ. ಚೆಕ್ ಬೌನ್ಸ್ ಪ್ರಕರಣದಲ್ಲಿ ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಪತ್ರದಲ್ಲಿ ಆ ದಿನವನ್ನು ನೀವೇ ಗೊತ್ತುಮಾಡಬೇಕು. ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ ಕೊನೆಯ ಪ್ಯಾರಾವನ್ನು ಹೀಗೆ ಬರೆಯಬಹುದು: ‘ಈ ಪತ್ರ ತಲುಪಿದ 15 ದಿನಗಳೊಳಗೆ 80,000 ರೂಪಾಯಿಯನ್ನು ಹಿಂದಿರುಗಿಸಬೇಕೆಂದು, ಕಡಿತವೇನಾದರೂ ಇದ್ದಲ್ಲಿ ಅದರ ವಿವರವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ಕಾನೂನುಕ್ರಮ ಕೈಗೊಳ್ಳುವುದು ಅನಿವಾರ್ಯವಾಗುತ್ತದೆ. ಅದರ ಖರ್ಚುವೆಚ್ಚಗಳಿಗೆ ತಾವೇ ಹೊಣೆಯಾಗುತ್ತೀರಿ.’ ಮುಂದೆ ಈ ಪತ್ರವನ್ನು ನ್ಯಾಯಾಧೀಶರೂ ಓದಬಹುದಾದ್ದರಿಂದ, ‘ಎಳೆಯುತ್ತೇನೆ’ ಎಂಬಂಥ ಮಾತು ನಿಮಗೇ ಶೋಭೆ ತರುವುದಿಲ್ಲ.

ಲಿಖಿತ ಉತ್ತರವನ್ನು ಕೇಳುವುದು ಬರಿಯ ಶಿಷ್ಟಾಚಾರವಲ್ಲ. ಹಣ ವಸೂಲಿಯ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಕಾಶವಿರುತ್ತದೆ, ಮತ್ತು ನೀವು ಎಷ್ಟು ಪತ್ರ ಬರೆದರೂ ಆ ಅವಧಿ ಬೆಳೆಯುವುದಿಲ್ಲ. ಅವಧಿ ಮುಗಿಯುವ ಮೊದಲು ಮಾಲೀಕರೇ ಬಾಕಿಯನ್ನು ಒಪ್ಪಿಕೊಂಡು ಬರೆದು ಸಹಿ ಹಾಕಿದರೆ ಮಾತ್ರ, 1963ರ ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ ಆ ಸಹಿಯ ದಿನದಿಂದ ಹೊಸ ಲೆಕ್ಕ ಆರಂಭವಾಗುತ್ತದೆ. ‘ಹಣ ಹೊಂದಿಸುತ್ತಿದ್ದೇನೆ, ಸ್ವಲ್ಪ ತಾಳಿ’ ಎಂಬ ಅವರ ಎರಡು ಸಾಲೂ ನಿಮ್ಮ ಪಾಲಿಗೆ ಬಹಳ ಬೆಲೆಯುಳ್ಳದ್ದು.

ಇನ್ನು ಸಹಿ. ಸರ್ಕಾರಿ ಆದೇಶಗಳ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲನ್ನು ನೀವು ನೋಡಿರಬಹುದು. ಕೆಳಗೆ ಸಹಿ ಹಾಕುವ ಅಧಿಕಾರಿ ಯಾರ ಪರವಾಗಿ ಮಾತನಾಡುತ್ತಿದ್ದಾರೆ ಎಂಬುದನ್ನು ಅದು ತಿಳಿಸುತ್ತದೆ. ನಿಮ್ಮ ಪತ್ರಕ್ಕೂ ಇದೇ ಪ್ರಶ್ನೆ ಏಳುತ್ತದೆ. ಕರಾರು ಪತ್ನಿಯವರ ಹೆಸರಿನಲ್ಲಿರುವುದರಿಂದ ಪತ್ರವನ್ನು ಅವರ ಹೆಸರಿನಲ್ಲೇ ಬರೆದು, ಕರಾರಿನಲ್ಲಿರುವಂತೆಯೇ ಅವರು ಸಹಿ ಮಾಡಲಿ. ಸಹಿಯ ಕೆಳಗೆ ಪೂರ್ಣ ಹೆಸರು, ಈಗಿನ ವಿಳಾಸ ಮತ್ತು ಮೊಬೈಲ್ ಸಂಖ್ಯೆ, ಎಡಬದಿಗೆ ಸ್ಥಳ ಮತ್ತು ದಿನಾಂಕ, ಅದರ ಕೆಳಗೆ ‘ಲಗತ್ತು: ಬಾಡಿಗೆ ಕರಾರಿನ ನಕಲು, ಹಣ ಸಂದಾಯದ ದಾಖಲೆ’ ಎಂದಿರಲಿ. ಮೂಲ ಪ್ರತಿಗಳನ್ನು ಕಳುಹಿಸಬೇಡಿ.

ಸಹಿಯಾದ ಪತ್ರದ ಒಂದು ನಕಲನ್ನು ಇಟ್ಟುಕೊಂಡು, ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. 15 ದಿನಗಳ ಎಣಿಕೆ ಆ ಸ್ವೀಕೃತಿಯ ದಿನಾಂಕದಿಂದಲೇ ಆರಂಭವಾಗುತ್ತದೆ.