ಸೀರೆಗಳ ಕನ್ನಡ ವಿವರಣೆ ಪ್ರಶ್ನಾರ್ಥಕ ಚಿಹ್ನೆಗಳಾದುದೇಕೆ?

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ಬಹಳ ವರ್ಷಗಳ ಹಿಂದೆ ಮಾಡಿಸಿದ ನಮ್ಮ ವೆಬ್‌ಸೈಟಿನಲ್ಲಿ ಒಂದೇ ರಾತ್ರಿಯಲ್ಲಿ ಎಲ್ಲ ಸೀರೆಗಳ ಕನ್ನಡ ವಿವರಣೆ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಟ್ಟಿತು. ಪುಟ ತೆರೆದವರು ಬೇರಾವುದೋ ಸೈಟಿಗೆ ಹೋಗತೊಡಗಿದರು. ಸೈಟು ನೋಡಿಕೊಳ್ಳುವ ಹುಡುಗ ಸರಿಪಡಿಸಿದರೂ ಎರಡೇ ದಿನಕ್ಕೆ ಮತ್ತೆ ಹಾಗೆಯೇ ಆಯಿತು. ನಮ್ಮ ಮೇಲೆ ಯಾರಿಗೆ ಇಂಥ ಹಗೆ?
– ಒಬ್ಬ ಓದುಗರು, ಇಳಕಲ್

ಉತ್ತರ: ಹಗೆ ಯಾರಿಗೂ ಇರಲಾರದು. ನೀವು ಬರೆದಿರುವ ಲಕ್ಷಣಗಳು ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ, ಅಂದರೆ ಡೇಟಾಬೇಸಿಗೆ ಹೋಗುವ ಆಜ್ಞೆಯೊಳಗೆ ಪರರು ತಮ್ಮ ಆಜ್ಞೆಯನ್ನು ತೂರಿಸುವ ದಾಳಿಯವು. ಇದನ್ನು ಸಾಮೂಹಿಕವಾಗಿ ನಡೆಸುವವರು ನಿಮ್ಮ ಅಂಗಡಿಯ ಹೆಸರನ್ನೂ ಓದಿರುವುದಿಲ್ಲ. 2008ರಲ್ಲಿ ಇಂಥ ದಾಳಿಗಳಿಗೆ ಲಕ್ಷಾಂತರ ಪುಟಗಳು ತುತ್ತಾದವು, ವಿಶ್ವಸಂಸ್ಥೆಯ ಪುಟಗಳೂ ಅವುಗಳಲ್ಲಿದ್ದವು. ಆಗ ದಾಳಿಯ ತಂತ್ರಾಂಶವು ಗೂಗಲ್‌ನಲ್ಲಿ ಹುಡುಕಿ, ಎಎಸ್‌ಪಿ ಎಂಬ ಮೈಕ್ರೋಸಾಫ್ಟಿನ ಹಳೆಯ ತಂತ್ರದಲ್ಲಿ ಮಾಡಿದ ಪುಟಗಳನ್ನು ಪತ್ತೆಹಚ್ಚಿ, ಒಂದೊಂದನ್ನೂ ತಾನಾಗಿಯೇ ಪರೀಕ್ಷಿಸುತ್ತಿತ್ತು.

ನಿಮ್ಮ ಸೈಟಿನಲ್ಲಿ ಒಂದು ಸೀರೆಯ ಪುಟ ತೆರೆದಾಗ ವಿಳಾಸದ ತುದಿಯಲ್ಲಿ 'ಐಡಿ=12' ಎಂಬಂಥ ಭಾಗ ಇರುತ್ತದೆಯಲ್ಲವೆ? ಆ 12ನ್ನು ತಪಾಸಣೆ ಮಾಡದೆ, ಸೈಟಿನ ಮಾಹಿತಿಯನ್ನೆಲ್ಲ ಕೂಡಿಟ್ಟಿರುವ ಡೇಟಾಬೇಸಿಗೆ ಹೋಗುವ ಆಜ್ಞೆಗೆ ಹಾಗೆಯೇ ಅಂಟಿಸಿದ್ದರೆ, 12ರ ಮುಂದೆ ಯಾರು ಏನು ಬರೆದರೂ ಡೇಟಾಬೇಸು ಅದನ್ನು ತನ್ನ ಒಡೆಯನ ಮಾತೆಂದೇ ನಂಬಿ ನಡೆಸಿಕೊಡುತ್ತದೆ. 2008ರ ದಾಳಿಯ ಆಜ್ಞೆಯು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಎಷ್ಟು ಟೇಬಲ್‌ಗಳಿವೆ, ಅವುಗಳಲ್ಲಿ ಪಠ್ಯ ಇಡುವ ಕಾಲಂಗಳು ಯಾವುವು ಎಂದು ಮೊದಲು ತಿಳಿದುಕೊಂಡು, ಪ್ರತಿಯೊಂದು ಕಾಲಂನ ಪ್ರತಿಯೊಂದು ಸಾಲಿನ ಕೊನೆಗೂ ಬೇರೊಂದು ಸೈಟಿನ ಸ್ಕ್ರಿಪ್ಟನ್ನು, ಅಂದರೆ ಪುಟ ತೆರೆದೊಡನೆ ತಾನಾಗಿಯೇ ಓಡುವ ಸಂಕೇತವನ್ನು, ಸೇರಿಸುತ್ತಿತ್ತು. ನಿಮ್ಮ ಪುಟ ತೆರೆದವರು ಬೇರೆ ಸೈಟಿಗೆ ಹೋಗುವುದೂ ಇಂಥದ್ದರಿಂದಲೇ ಇರಬೇಕು. ಹಾಗೆ ಸೇರಿಸುವ ಮುನ್ನ ಹಳೆಯ ಪಠ್ಯವನ್ನು ವಾರ್‌ಚಾರ್ ಎಂಬ ಬಗೆಗೆ ಬದಲಿಸುತ್ತಿತ್ತು. ಆ ಬಗೆಯಲ್ಲಿ ಸಾಮಾನ್ಯವಾಗಿ ಕನ್ನಡದ ಯೂನಿಕೋಡ್ ಅಕ್ಷರಗಳಿಗೆ ಜಾಗವಿಲ್ಲದ ಕಾರಣ ಒಂದೊಂದು ಅಕ್ಷರದ ಜಾಗದಲ್ಲಿಯೂ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ನಿಮ್ಮ ಟೋಪ್ ತೆನಿ ಸೆರಗಿನ, ಗೋಮಿ ದಡಿಯ ವಿವರಣೆಗಳಿಗೂ ಬಹುಮಟ್ಟಿಗೆ ಇದೇ ಆಗಿರಬೇಕು. ಇಂಗ್ಲಿಷಿನಲ್ಲಿ ಬರೆದ ದರ, ಅಳತೆಗಳು ಉಳಿದು ಕನ್ನಡ ಮಾತ್ರ ಹಾಳಾಗಿದ್ದರೆ ಸಂದೇಹವೇ ಬೇಡ. ಹಾಗೆ ಹೋದ ಅಕ್ಷರಗಳನ್ನು ಆ ಚಿಹ್ನೆಗಳಿಂದ ಮರಳಿ ಪಡೆಯಲಾಗದು, ಹಳೆಯ ಬ್ಯಾಕಪ್ ಒಂದೇ ದಾರಿ.

ಎರಡೇ ದಿನಕ್ಕೆ ದಾಳಿ ಮರುಕಳಿಸಿದ್ದು ಸಹಜ, ಏಕೆಂದರೆ ಹುಡುಗ ಕಸ ತೆಗೆದಿದ್ದಾನೆ, ಕಂಡಿ ಮುಚ್ಚಿಲ್ಲ. ಕೆಲವು ಪದಗಳನ್ನು ತಡೆಯುವ ಫಿಲ್ಟರನ್ನಷ್ಟೇ ಹಾಕಿ ಕೈತೊಳೆದುಕೊಳ್ಳಲು ದಯವಿಟ್ಟು ಬಿಡಬೇಡಿ. ಅಂದಿನ ದಾಳಿಯೇ ತನ್ನ ಆಜ್ಞೆಯನ್ನು ಹೆಕ್ಸ್ ಎಂಬ ಹದಿನಾರರ ಆಧಾರದ ಅಂಕಿಗಳಲ್ಲಿ ಅಡಗಿಸಿ ಅಂಥ ಫಿಲ್ಟರುಗಳನ್ನು ದಾಟುತ್ತಿತ್ತು. ಆಜ್ಞೆಯನ್ನು ಮೊದಲೇ ನಿಗದಿಗೊಳಿಸಿ, ಹೊರಗಿನಿಂದ ಬಂದುದನ್ನು ಕೇವಲ ಮೌಲ್ಯವಾಗಿ ಕಳುಹಿಸುವ 'ಪ್ಯಾರಾಮೀಟರೈಸ್ಡ್ ಕ್ವೆರಿ'ಯೇ ನಿಜವಾದ ಪರಿಹಾರ. ಹುಡುಕುವ ಪೆಟ್ಟಿಗೆ, ಲಾಗಿನ್, ಆರ್ಡರ್ ಫಾರ್ಮ್ ಸೇರಿದಂತೆ ಡೇಟಾಬೇಸನ್ನು ಮುಟ್ಟುವ ಪ್ರತಿಯೊಂದು ಪುಟದಲ್ಲಿಯೂ ಹೀಗೆ ಬದಲಾಯಿಸಬೇಕು, ಏಕೆಂದರೆ ಒಂದು ಪುಟ ಉಳಿದರೂ ಸಾಕು. ಜೊತೆಗೆ ಸೈಟು ಬಳಸುವ ಡೇಟಾಬೇಸ್ ಖಾತೆಗೆ ಅಗತ್ಯದಷ್ಟೇ ಅಧಿಕಾರವಿರಲಿ. ಸೀರೆ ತೋರಿಸುವ ಪುಟಕ್ಕೆ ಓದುವ ಅಧಿಕಾರ ಸಾಕು, ತಿದ್ದುವ ಅಧಿಕಾರವೇಕೆ?

ನೀವು ಕೇಳದಿದ್ದರೂ ನನ್ನನ್ನು ಹೆಚ್ಚು ಕಾಡುತ್ತಿರುವುದು ನಿಮ್ಮ ಗಿರಾಕಿಗಳ ವಿಷಯ. ಬರೆಯಲು ತೆರೆದಿದ್ದ ಕಂಡಿಯಿಂದ ಓದಲೂ ಬರುತ್ತದೆ. ಕಾರ್ಡ್ ಪಾವತಿಗಳನ್ನು ನಿರ್ವಹಿಸುತ್ತಿದ್ದ ಅಮೆರಿಕದ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್‌ನಿಂದ ಸುಮಾರು 13 ಕೋಟಿ ಕಾರ್ಡುಗಳ ವಿವರ ಕಳವಾದ ಪ್ರಕರಣವೂ ಎಸ್‌ಕ್ಯೂಎಲ್ ಇಂಜೆಕ್ಷನ್‌ನಿಂದಲೇ ಆರಂಭವಾಗಿತ್ತು. ನಿಮ್ಮಲ್ಲಿ ಆರ್ಡರ್ ಕೊಟ್ಟ ಹೆಣ್ಣುಮಕ್ಕಳ ಫೋನ್ ನಂಬರು, ಮನೆ ವಿಳಾಸ ಆ ಡೇಟಾಬೇಸಿನಲ್ಲಿದ್ದರೆ ಅವು ಪರರ ಪಾಲಾಗಿರಬಹುದೆಂದೇ ತಿಳಿದು ಅವರಿಗೆ ಹೇಳಿಬಿಡಿ, ಎಲ್ಲ ಪಾಸ್‌ವರ್ಡುಗಳನ್ನೂ ಬದಲಿಸಿ. ದುರಸ್ತಿ ಮುಗಿಯುವವರೆಗೆ ಸೈಟು ಮುಚ್ಚಿಡುವುದು ಒಳ್ಳೆಯದು. ಆದರೆ ಸೈಟಿಗೆ ಬಂದ ಕೋರಿಕೆಗಳೆಲ್ಲ ದಾಖಲಾಗಿರುವ ಸರ್ವರಿನ ಲಾಗ್ ಕಡತಗಳನ್ನು ಅಳಿಸಬೇಡಿ; ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೆಯ ಕಲಮಿನಡಿ ಪೊಲೀಸರಿಗೆ ದೂರು ಕೊಡುವಾಗ ನಿಮ್ಮ ಕೈಯಲ್ಲಿರುವ ಸಾಕ್ಷ್ಯ ಅವೇ.