ಜೇಬಿನ ಸ್ಕೆಚ್ ಪ್ಯಾಡ್ ಕೊಳ್ಳುವಾಗ ಏನೇನು ನೋಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಜೇಬಿನಲ್ಲಿ ಹಿಡಿಸುವ ಎ6 ಅಳತೆಯ ಸ್ಕೆಚ್ ಪ್ಯಾಡ್ ಒಂದರ ಮೇಲೆ ನಿಮ್ಮ ಕಣ್ಣು ಬಿದ್ದಿದೆ. ಕಪ್ಪು ರಟ್ಟು, ಎಲಾಸ್ಟಿಕ್ ಪಟ್ಟಿ, 140 ಜಿಎಸ್‌ಎಂ, 80 ಪುಟ ಎಂದು ಬರೆದಿದ್ದಾರೆ. ನೋಡೋಕೆ ಬಹಳ ಚೆನ್ನಾಗಿದೆ, ಆದರೆ ಅಂದಕ್ಕೆ ತಕ್ಕ ಗುಣವೂ ಇದೆಯಾ ಎಂಬುದು ಹೇಗೆ ಗೊತ್ತಾಗಬೇಕು? ನೀವು ಬಳಸುವುದು ಪೆನ್ಸಿಲ್, ಜೆಲ್ ಪೆನ್, ಆಗೀಗ ಸ್ವಲ್ಪ ವಾಟರ್‌ಕಲರ್.

ಹೆಚ್ಚಿನವರು ಪ್ಯಾಡ್ ಕೈಗೆ ಬಂದ ಕೂಡಲೇ ಹಾಳೆಯನ್ನು ಬೆರಳಲ್ಲಿ ಸವರಿ ನೋಡುತ್ತಾರೆ. ದೊಡ್ಡ ಪ್ಯಾಡಿಗೆ ಅದು ಸರಿ. ಜೇಬಿನ ಪ್ಯಾಡಿನಲ್ಲಿ ನಾನು ಮೊದಲು ನೋಡುವುದು ಬೈಂಡಿಂಗ್. ಕಾರಣ ಬರೀ ಲೆಕ್ಕ. ಎ6 ಹಾಳೆಯ ಅಗಲ 105 ಮಿ.ಮೀ. ಪ್ಯಾಡ್ ಪೂರ್ತಿ ಬಿಚ್ಚಿಕೊಳ್ಳದಿದ್ದರೆ ನಡುವಿನ ಸಂದಿನಲ್ಲಿ 15 ಮಿ.ಮೀ. ಸುಲಭವಾಗಿ ಹೋಗುತ್ತದೆ. ಅಲ್ಲಿ ಕೈ ಊರಲಾಗುವುದಿಲ್ಲ, ಗೆರೆ ಸೊಟ್ಟಗಾಗುತ್ತದೆ. ಅಂದರೆ ಹಾಳೆಯ ಏಳನೇ ಒಂದು ಭಾಗ ಇದ್ದೂ ಇಲ್ಲದ ಹಾಗೆ. ಎ4 ಪ್ಯಾಡಿನಲ್ಲಿ ಅಷ್ಟೇ ಜಾಗ ಹೋದರೆ ಹದಿನಾಲ್ಕನೇ ಒಂದು ಭಾಗ, ಗಮನಕ್ಕೂ ಬರುವುದಿಲ್ಲ. ಜೊತೆಗೆ ಜೇಬಿನ ಪ್ಯಾಡನ್ನು ಮೇಜಿನ ಮೇಲೆ ಇಟ್ಟು ಬರೆಯುವುದು ಅಪರೂಪ. ನಿಂತುಕೊಂಡು, ಒಂದು ಕೈಯಲ್ಲಿ ಹಿಡಿದು ಬರೆಯುತ್ತೇವೆ. ಮುಚ್ಚಿಕೊಳ್ಳಲು ನೋಡುವ ಪ್ಯಾಡನ್ನು ಹೆಬ್ಬೆರಳಿನಿಂದ ಅದುಮಿಕೊಂಡೇ ಇರಬೇಕಾದರೆ ಚಿತ್ರದ ಮೇಲೆ ಮನಸ್ಸು ಎಲ್ಲಿ ನಿಲ್ಲುತ್ತದೆ?

ಬೈಂಡಿಂಗ್ ಯಾವ ಥರದ್ದು ಎಂದು ನೋಡುವುದು ಕಷ್ಟವಲ್ಲ. ಪ್ಯಾಡನ್ನು ನೆಟ್ಟಗೆ ನಿಲ್ಲಿಸಿ, ಬೆನ್ನಿನ ಮೇಲ್ತುದಿಯನ್ನು ಮೇಲಿನಿಂದ ನೋಡಿ. ಹೊಲಿದ ಪ್ಯಾಡಾದರೆ ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿರುತ್ತವೆ. ಪ್ರತಿ ಕಂತೆಯೂ ಬೆನ್ನಿನ ಹತ್ತಿರ ದುಂಡಗೆ ಮಡಿಚಿಕೊಂಡಿರುತ್ತದೆ. ಒಂದು ಕಂತೆಯ ನಟ್ಟನಡುವಿನ ಪುಟ ತೆರೆದರೆ ಮಡಿಕೆಯಲ್ಲಿ ದಾರ ಕಾಣುತ್ತದೆ. ಬರೀ ಅಂಟಿನ ಪ್ಯಾಡಾದರೆ ಮಡಿಕೆಯೇ ಇರುವುದಿಲ್ಲ. ಬಿಡಿ ಹಾಳೆಗಳ ಅಂಚನ್ನು ನೇರವಾಗಿ ಕತ್ತರಿಸಿ, ಒಂದು ಗೆರೆ ಗೋಂದಿನಲ್ಲಿ ಕೂರಿಸಿರುತ್ತಾರೆ. ಅದನ್ನು ಪೂರ್ತಿ ಅಗಲಿಸಿದರೆ ಗೋಂದು ಬಿರುಕು ಬಿಡುತ್ತದೆ, ಸ್ವಲ್ಪ ದಿನಕ್ಕೆ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ. ನೀವು ಚಿತ್ರಗಳನ್ನು ಹೇಗಿದ್ದರೂ ಹರಿದು ತೆಗೆಯುವವರಾದರೆ ಅಂಟಿನದೇ ಒಳ್ಳೆಯದು. ಇಟ್ಟುಕೊಳ್ಳುವವರಾದರೆ ಹೊಲಿದದ್ದನ್ನೇ ತಗೊಳ್ಳಿ.

ಒಂದು ಎಚ್ಚರಿಕೆ. ಹೊಲಿಗೆ ಇದ್ದ ಮಾತ್ರಕ್ಕೆ ಪ್ಯಾಡ್ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ ಎಂದಿಲ್ಲ. ಹೊಲಿದ ಮೇಲೆ ಬೆನ್ನಿಗೆ ಗಟ್ಟಿ ಗೋಂದನ್ನು ಮೆತ್ತಿದ್ದರೆ ಅದೂ ಬಿಗಿಯಾಗಿಯೇ ಇರುತ್ತದೆ. ಹಾಗಾಗಿ ಮೊದಲ ಪುಟವನ್ನೋ ಕೊನೆಯ ಪುಟವನ್ನೋ ಅಲ್ಲ, ನಡುವಿನ ಪುಟ ತೆರೆದು ಕೈ ಬಿಡಿ. ತಾನಾಗಿ ಮಲಗಿದರೆ ಸರಿ.

ಸ್ಪೈರಲ್ ಬಗ್ಗೆ ನನಗೆ ಎರಡು ಮನಸ್ಸು. ಪೂರ್ತಿ ಹಿಂದಕ್ಕೆ ಮಡಚಬಹುದು, ನಿಂತು ಬರೆಯಲು ಅದಕ್ಕಿಂತ ಸಲೀಸಾದದ್ದಿಲ್ಲ. ಆದರೆ ಜೇಬಿನಲ್ಲಿ ತಂತಿ ಸಿಕ್ಕಿಹಾಕಿಕೊಳ್ಳುತ್ತದೆ, ನಜ್ಜಾಗುತ್ತದೆ. ಹಾಳೆಗಳು ಸಡಿಲವಾಗಿ ಒಂದಕ್ಕೊಂದು ಉಜ್ಜಿಕೊಂಡು ಪೆನ್ಸಿಲ್ ಕೆಲಸವೆಲ್ಲ ಮಸಿಮಸಿಯಾಗುತ್ತದೆ. ಎಡಗೈಯಲ್ಲಿ ಬರೆಯುವವರಿಗೆ ಮಾತ್ರ ನಾನು ಮೇಲ್ಗಡೆ ಸ್ಪೈರಲ್ ಇರುವ ಪ್ಯಾಡನ್ನೇ ಹೇಳುವುದು. ಪಕ್ಕದ ತಂತಿ ಅವರ ಅಂಗೈಗೆ ಒತ್ತುತ್ತಲೇ ಇರುತ್ತದೆ. ಇನ್ನು ಪಿನ್ ಹೊಡೆದ ತೆಳು ಪ್ಯಾಡುಗಳು ಅಭ್ಯಾಸಕ್ಕೆ ಸಾಕು.

ಈಗ ಹಾಳೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು, ಅಷ್ಟೇ. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70ರಿಂದ 80 ಇರುತ್ತದೆ. ಪೆನ್ಸಿಲ್ಲಿಗೆ, ಪೆನ್ನಿಗೆ 100ರ ಆಸುಪಾಸು ಸಾಕು. 150ರ ಹತ್ತಿರ ಬಂದರೆ ಬ್ರಷ್ಷಿನಲ್ಲಿ ತೆಳುವಾಗಿ ನೀರು ಆಡಿಸಬಹುದು. ವಾಟರ್‌ಕಲರ್‌ಗೆಂದೇ ಮಾಡುವ ಹಾಳೆ ಹೆಚ್ಚಾಗಿ 300 ಇರುತ್ತದೆ. ಹಾಗಂತ ಜಾಸ್ತಿ ಜಿಎಸ್‌ಎಂ ಅಂದರೆ ಜಾಸ್ತಿ ಒಳ್ಳೆಯದು ಅಂತ ಅಲ್ಲ. ಜೇಬಿನ ದಪ್ಪ ಇರುವುದೇ ಇಷ್ಟು. ಹಾಳೆ ದಪ್ಪವಾದಷ್ಟೂ ಹಾಳೆಗಳ ಸಂಖ್ಯೆ ಕಡಿಮೆ. ದಿನಾ ನಾಲ್ಕಾರು ಗೀಚುವವರಿಗೆ 100 ಜಿಎಸ್‌ಎಂನ ದಪ್ಪ ಕಂತೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬರೆದಿರುವ ಜಿಎಸ್‌ಎಂ ನಿಜವೇ ಎಂದು ಮನೆಯ ತಕ್ಕಡಿಯಲ್ಲೇ ಪರೀಕ್ಷೆ ಮಾಡಬಹುದು. ಎ0 ಹಾಳೆ ಒಂದು ಚದರ ಮೀಟರ್. ಅದನ್ನು ಅರ್ಧ ಅರ್ಧ ಮಾಡುತ್ತಾ ಹೋದರೆ 64 ಎ6 ಹಾಳೆಗಳಾಗುತ್ತವೆ. ಅಂದರೆ 64 ಎ6 ಹಾಳೆಗಳ ತೂಕ ಗ್ರಾಂನಲ್ಲಿ ಎಷ್ಟೋ ಜಿಎಸ್‌ಎಂ ಅಷ್ಟೇ. ನಿಮ್ಮ ಪ್ಯಾಡಿನಲ್ಲಿ 80 ಪುಟ ಅಂದರೆ 40 ಹಾಳೆ. 140 ಜಿಎಸ್‌ಎಂ ಆದರೆ ಹಾಳೆಗಳೇ ಸುಮಾರು 87 ಗ್ರಾಂ ತೂಗಬೇಕು, ರಟ್ಟಿನ ತೂಕ ಬೇರೆ. ಇಡೀ ಪ್ಯಾಡೇ 80 ಗ್ರಾಂ ತೂಗಿದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದೇ ಅರ್ಥ. (ಪುಟಕ್ಕೂ ಹಾಳೆಗೂ ಇರುವ ಈ ವ್ಯತ್ಯಾಸವನ್ನು ಮಾರುವವರು ಬೇಕೆಂದೇ ಮರೆಯುವುದುಂಟು. ಎರಡೂ ಮಗ್ಗುಲು ಎಣಿಸಿದ್ದಾರೋ ಇಲ್ಲವೋ ಕೇಳಿ.)

ತೂಕಕ್ಕಿಂತ ಮುಖ್ಯವಾದದ್ದು ಹಾಳೆ ನೀರನ್ನು ಹೇಗೆ ಕುಡಿಯುತ್ತದೆ ಎಂಬುದು. ಕಾಗದ ಮಾಡುವಾಗ ಒಂದು ಅಂಟಿನಂಥ ಪದಾರ್ಥ ಸೇರಿಸುತ್ತಾರೆ, ಸೈಜಿಂಗ್ ಅನ್ನುತ್ತಾರೆ. ಅದು ಕಡಿಮೆಯಾದರೆ ಶಾಯಿ ನಾರಿನ ಗುಂಟ ಹರಡಿ, ಗೆರೆಯ ಅಂಚಿನಲ್ಲಿ ಸಣ್ಣ ಬೇರುಗಳು ಹೊರಟ ಹಾಗೆ ಕಾಣುತ್ತದೆ. ಅತಿಯಾದರೆ ನೀರು ಹನಿಹನಿಯಾಗಿ ಮೇಲೇ ನಿಲ್ಲುತ್ತದೆ, ಬಣ್ಣ ಹಿಡಿಯುವುದಿಲ್ಲ. ದಪ್ಪ, ನುಣುಪು ಹಾಳೆಗಳಲ್ಲಿ ಈ ಎರಡನೆಯ ಕಾಟ ನಾನು ಜಾಸ್ತಿ ನೋಡಿದ್ದೇನೆ. ಜೆಲ್ ಪೆನ್ನೂ ಅಲ್ಲಿ ಬೇಗ ಒಣಗದೆ ಅಂಗೈಗೆ ಮೆತ್ತಿಕೊಳ್ಳುತ್ತದೆ.

ಕೊನೆಯ ಹಾಳೆಯನ್ನು ಪರೀಕ್ಷೆಗೆಂದೇ ಬಿಟ್ಟುಬಿಡಿ. ಅದರ ಮೂಲೆಯಲ್ಲಿ ಒಂದು ಹನಿ ನೀರು ಹಾಕಿ. ತಕ್ಷಣ ಹೀರಿಕೊಂಡು ಹಿಂದೆ ಕಪ್ಪಗೆ ಕಂಡರೆ ವಾಟರ್‌ಕಲರ್ ಆಸೆ ಬಿಡಿ. ಸ್ವಲ್ಪ ಹೊತ್ತು ಮೇಲೇ ನಿಂತು, ಆಮೇಲೆ ನಿಧಾನವಾಗಿ ಇಳಿದರೆ ಒಳ್ಳೆಯ ಹಾಳೆ. ಪಕ್ಕದಲ್ಲೇ ಜೆಲ್ ಪೆನ್ನಿನಲ್ಲಿ ಒಂದು ಗೆರೆ ಎಳೆದು, ಪೆನ್ನನ್ನು ಕೊನೆಯಲ್ಲಿ ಒಂದು ಗಳಿಗೆ ಹಾಗೇ ಒತ್ತಿ ಹಿಡಿಯಿರಿ. ಹಾಳೆ ತಿರುಗಿಸಿ. ಗೆರೆಯ ನೆರಳು ಕಾಣುವುದು ಬೇರೆ, ಶಾಯಿ ಇಳಿದು ಬರುವುದು ಬೇರೆ. ನೆರಳು ಕಂಡರೆ ಎರಡೂ ಮಗ್ಗುಲು ಬಳಸಬಹುದು. ಶಾಯಿಯೇ ಇಳಿದರೆ ಹಿಂದಿನ ಪುಟ ಹಾಳು. ಆಲ್ಕೋಹಾಲ್ ಮಾರ್ಕರ್ ಇಳಿದರೆ ಮಾತ್ರ ಹಾಳೆಯನ್ನು ಬಯ್ಯಬೇಡಿ, ಅದು ಹೆಚ್ಚುಕಡಿಮೆ ಎಲ್ಲ ಹಾಳೆಯಲ್ಲೂ ಇಳಿಯುತ್ತದೆ.

ಪೆನ್ಸಿಲ್ಲಿಗೆ ಬೇಕಾದದ್ದು ಹಾಳೆಯ ಒರಟು. 4ಬಿ ಪೆನ್ಸಿಲ್ ಅನ್ನು ಅಡ್ಡ ಮಲಗಿಸಿ, ಭಾರ ಹಾಕದೆ ಒಂದು ಇಂಚು ಆಡಿಸಿ. ಮರಳಿನಂಥ ಸಣ್ಣ ಚುಕ್ಕಿಗಳು ಅಡ್ಡಾದಿಡ್ಡಿಯಾಗಿ ಬಂದರೆ ಚೆಂದ. ಬಟ್ಟೆಯ ನೇಯ್ಗೆಯಂತೆ ಒಂದೇ ಸಮನೆ ಚೌಕಳಿ ಬಂದರೆ ಅದು ಯಂತ್ರದ ಅಚ್ಚು, ಎಷ್ಟೇ ಮೃದುವಾಗಿ ಶೇಡ್ ಮಾಡಿದರೂ ಆ ಚೌಕಳಿ ಎದ್ದು ಕಾಣುತ್ತದೆ. ಹಾಳೆಯ ಎರಡೂ ಮಗ್ಗುಲಲ್ಲಿ ಮಾಡಿ ನೋಡಿ, ಎಷ್ಟೋ ಸಲ ಒಂದೇ ಥರ ಇರುವುದಿಲ್ಲ. ಆಮೇಲೆ ಅದೇ ಜಾಗವನ್ನು ರಬ್ಬರಿನಿಂದ ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ. ನಾರು ಮೇಲೆದ್ದು ಜುಂಗಾದರೆ ಆ ಹಾಳೆ ತಿದ್ದುಪಡಿ ತಡೆಯುವುದಿಲ್ಲ. ನನಗೆ ಪ್ಯಾಡ್ ಬೇಡ ಅನ್ನಿಸಲು ಈ ಒಂದು ದೋಷ ಸಾಕು.

ಇನ್ನೊಂದು ಸಂಗತಿ ಯಾರೂ ಸಾಮಾನ್ಯವಾಗಿ ಹೇಳುವುದಿಲ್ಲ. ಯಂತ್ರದಲ್ಲಿ ಮಾಡಿದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕು ಪ್ಯಾಡಿನ ಬೆನ್ನಿಗೆ ಸಮಾನಾಂತರವಾಗಿರಬೇಕು. ಅಡ್ಡಲಾಗಿದ್ದರೆ ಪುಟಗಳು ಸೆಟೆದುಕೊಂಡು ನಿಲ್ಲುತ್ತವೆ, ತೇವದ ಗಾಳಿಗೆ ಬೆನ್ನಿನ ಹತ್ತಿರ ಅಲೆಅಲೆಯಾಗುತ್ತವೆ. ಒಂದು ಹಾಳೆಯನ್ನು ಮಡಿಸದೆ ಸುಮ್ನೆ ಬಾಗಿಸಿ ನೋಡಿ, ಮೊದಲು ಉದ್ದಕ್ಕೆ ಸುರುಳಿ ಸುತ್ತುವ ಹಾಗೆ, ಆಮೇಲೆ ಅಡ್ಡಕ್ಕೆ. ಸುರುಳಿಯ ಕೊಳವೆ ಬೆನ್ನಿನ ಗುಂಟ ನಿಲ್ಲುವಾಗ ಸುಲಭವಾಗಿ ಬಾಗಿದರೆ ದಿಕ್ಕು ಸರಿಯಿದೆ.

ಬಣ್ಣದ ವಿಷಯ. ನೀಲಿ ಹೊಳಪಿನ ಅಚ್ಚಬಿಳಿ ಹಾಳೆ ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ. ಆ ಹೊಳಪು ಬರುವುದು ಸೇರಿಸಿದ ರಾಸಾಯನಿಕದಿಂದ. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಹಿಡಿದರೆ ಹಾಳೆ ನೀಲಿಯಾಗಿ ಬೆಳಗುತ್ತದೆ. ವರ್ಷ ಕಳೆದಂತೆ ಬೆಳಕಿಗೆ ಅದು ಮಂಕಾಗುತ್ತದೆ. ನನಗೆ ತಿಳಿ ಕೆನೆಬಣ್ಣದ ಹಾಳೆ ಇಷ್ಟ, ಬಿಸಿಲಿನಲ್ಲಿ ಕಣ್ಣಿಗೆ ಹಿತ. ಸ್ಕ್ಯಾನ್ ಮಾಡುವವರಿಗೆ ಮಾತ್ರ ಅದು ತಲೆನೋವು. ಚಿತ್ರಗಳು ಬಹುಕಾಲ ಉಳಿಯಬೇಕಾದರೆ ಆಸಿಡ್-ಫ್ರೀ, ಅಂದರೆ ಆಮ್ಲವಿಲ್ಲದ್ದು, ಎಂದು ಇದೆಯಾ ನೋಡಿ. ಐಎಸ್‌ಒ 9706 ಎಂದಿದ್ದರೆ ಇನ್ನೂ ಒಳ್ಳೆಯದು. ಅದು ಬಾಳಿಕೆ ಬರುವ ಕಾಗದದ ಅಂತರರಾಷ್ಟ್ರೀಯ ಮಾನದಂಡ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥ ಜಾಸ್ತಿ ಉಳಿದ ಕಾಗದ, ಅಂದರೆ ನ್ಯೂಸ್‌ಪ್ರಿಂಟಿನಂಥದ್ದು, ಬಿಸಿಲಿಗೆ ಬಹಳ ಬೇಗ ಹಳದಿಯಾಗುತ್ತದೆ.

ಇನ್ನು ಅಂದ. ಅಂದ ನೋಡಬಾರದು ಎಂದು ನಾನು ಹೇಳುವುದಿಲ್ಲ. ಹೊರಗಿನ ಕೆಲಸ ಒಳಗಿನದರ ಸುಳಿವು ಕೊಡುತ್ತದೆ. ರಟ್ಟು ಹಾಳೆಗಿಂತ ಮೂರೂ ಕಡೆ ಒಂದೇ ಸಮನಾಗಿ ಒಂದೆರಡು ಮಿ.ಮೀ. ಆಚೆ ಬಂದಿದೆಯಾ? ರಟ್ಟಿನ ಒಳಬದಿಗೆ ಅಂಟಿಸಿದ ಕಾಗದ ಗುಳ್ಳೆ ಎದ್ದಿದೆಯಾ? ಪ್ಯಾಡ್ ಮುಚ್ಚಿದಾಗ ಹಾಳೆಗಳ ಅಂಚು ನೇರವಾಗಿದೆಯಾ, ಓರೆಯಾಗಿ ಕತ್ತರಿಸಿದ್ದಾರಾ? ಇವುಗಳಲ್ಲಿ ಅಸಡ್ಡೆ ಮಾಡಿದವರು ಹೊಲಿಗೆಯಲ್ಲಿ ಶ್ರದ್ಧೆ ತೋರಿಸಿರುತ್ತಾರೆ ಎಂದು ನಂಬುವುದು ಕಷ್ಟ. ಮೂಲೆಗಳು ದುಂಡಗಿರುವುದು ಬರೀ ಷೋಕಿಯಲ್ಲ, ಚೂಪು ಮೂಲೆ ಜೇಬಿನಲ್ಲಿ ಬೇಗ ನಾಯಿಕಿವಿಯಾಗುತ್ತದೆ. ಕಪ್ಪು ರಟ್ಟಿನ ಮೇಲೆ ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ನಾಳೆ ಅದು ನಿಮ್ಮ ಅಂಗಿಯ ಮೇಲಿರುತ್ತದೆ. ಎಲಾಸ್ಟಿಕ್ ಪಟ್ಟಿ ಮುಚ್ಚಿಡಲು ಬೇಕು, ಆದರೆ ಮೆತ್ತನೆ ರಟ್ಟಿಗೆ ಬಿಗಿ ಪಟ್ಟಿ ಹಾಕಿದರೆ ಪ್ಯಾಡೇ ದೋಣಿಯಂತೆ ಬಾಗುತ್ತದೆ. ರಿಬ್ಬನ್, ಹಿಂದಿನ ಚೀಲ, ಚಿನ್ನದ ಅಕ್ಷರ ಇವೆಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅತಿ ಚೆಂದದ ಪ್ಯಾಡಿನ ಮೊದಲ ಪುಟಕ್ಕೆ ಪೆನ್ಸಿಲ್ ತಾಗಿಸಲು ಭಯವಾಗುತ್ತದೆ, ಗೊತ್ತಲ್ವಾ? ನಾನಂತೂ ಎರಡನೇ ಹಾಳೆಯಿಂದ ಶುರು ಮಾಡುತ್ತೇನೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ನಡುವಿನ ಪುಟ ತೆರೆದಿಟ್ಟ ಫೋಟೋ ಹುಡುಕಿ. ಮಾರುವವರು ಹಾಕಿಲ್ಲದಿದ್ದರೆ ಕೊಂಡವರು ಹಾಕಿರುತ್ತಾರೆ. ಎಲ್ಲ ಫೋಟೋದಲ್ಲೂ ಪ್ಯಾಡ್ ಮುಚ್ಚಿಕೊಂಡೇ ಇದ್ದರೆ ನಾನು ಮುಂದಕ್ಕೆ ಹೋಗುತ್ತೇನೆ.

ನಿಮ್ಮ ಪ್ಯಾಡಿಗೆ ಬಂದರೆ, 140 ಜಿಎಸ್‌ಎಂ ಎಂಬುದು ನಿಜವಿದ್ದು ಹೊಲಿಗೆಯೂ ಇದ್ದರೆ ಧೈರ್ಯವಾಗಿ ತಗೊಳ್ಳಿ. ಪೆನ್ಸಿಲ್ಲಿಗೂ ಜೆಲ್ ಪೆನ್ನಿಗೂ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ವಾಟರ್‌ಕಲರನ್ನು ಒಂದೇ ಪದರ, ತೆಳುವಾಗಿ ಹಾಕಿ. ಹಾಳೆ ಸ್ವಲ್ಪ ಸುರುಟಿಕೊಳ್ಳುತ್ತದೆ, ಪೂರ್ತಿ ಒಣಗಿದ ಮೇಲೆ ಪ್ಯಾಡ್ ಮುಚ್ಚಿ ಮೇಲೆ ಭಾರ ಇಟ್ಟರೆ ಬಹುಪಾಲು ಸರಿಹೋಗುತ್ತದೆ. ಬಣ್ಣದ ಕೆಲಸವೇ ಜಾಸ್ತಿ ಆಗುತ್ತಾ ಹೋದರೆ ಅದಕ್ಕೆ 300 ಜಿಎಸ್‌ಎಂನ ಇನ್ನೊಂದು ಪುಟ್ಟ ಪ್ಯಾಡ್ ಬೇರೆಯೇ ಇಟ್ಟುಕೊಳ್ಳಿ.